ಪೈಪಕ್ಕನ ಅಳತೆಯ ಹೂಪು

ಹಗುರವಾದ ಹೂಲಾ ಹೂಪು ದೊಡ್ಡವರ ಸೊಂಟದ ಮೇಲೆ ನಿಲ್ಲುವುದಿಲ್ಲ. ಇಷ್ಟು ಹೊತ್ತಿಗೆ ನಿಮಗೆ ಗೊತ್ತಿರಬೇಕಿತ್ತು. ಆದರೆ ನೀವು ಆಟದ ಸಾಮಾನಿನ ಅಂಗಡಿಗೆ ಹೋಗುತ್ತೀರಿ, ಬಣ್ಣ ನೋಡುತ್ತೀರಿ, ಒಂದೇ ಬೆರಳಲ್ಲಿ ಎತ್ತಿ 'ಹಗುರ ಇದೆ, ಸಲೀಸು' ಎಂದು ತರುತ್ತೀರಿ. ಎರಡನೇ ಸುತ್ತಿಗೆ ಅದು ಪಾದದ ಮೇಲಿರುತ್ತದೆ. ತಪ್ಪು ಪೈಪಿನದ್ದು, ಬೈಗುಳ ಮಾತ್ರ ಸೊಂಟಕ್ಕೆ.

ನಮ್ಮ ಬೀದಿಗೆ ಇದನ್ನು ಕಲಿಸಿದವಳು ಪೈಪಕ್ಕ. ಅಪ್ಪನ ಕಾಲದಲ್ಲಿ ಶುರುವಾಗಿ ಈಗ ಅಣ್ಣನದಾಗಿರುವ ಪೈಪಂಗಡಿಯಲ್ಲಿ ಮೂವತ್ತೈದು ವರ್ಷದಿಂದ ಪೈಪು ಕೊಯ್ಯುತ್ತಾಳೆ. ವಯಸ್ಸು ಐವತ್ತೆರಡು. ನಲ್ಲಿಗೆ, ತೊಟ್ಟಿಗೆ ಎಂದು ಬರುವವರ ನಡುವೆ ಈಚೆಗೆ ಹೂಪು ಬೇಕೆನ್ನುವವರೂ ಬರುತ್ತಾರೆ. ಬಂದವರನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ನೆಲದಿಂದ ಹೊಕ್ಕುಳಿನವರೆಗೆ ದಾರ ಹಿಡಿಯುತ್ತಾಳೆ. ಅದೇ ಹೂಪಿನ ಅಗಲ. ದಾರದ ಮೂರು ಪಟ್ಟು, ಮೇಲೊಂದು ಗೇಣು ಪೈಪು. ಕೇಳುವುದು ಒಂದೇ ಪ್ರಶ್ನೆ: "ಸೊಂಟಕ್ಕಾ, ಕೈಗಾ?"

ಸೊಂಟಕ್ಕೆ ಎಂದವರಿಗೆ ನೀರಿನ ಕರಿ ಪೈಪು. ದಪ್ಪ, ಭಾರ, ನಿಧಾನ, ಕಲಿಯುವವರಿಗಾಗಿ ಕಾಯುತ್ತದೆ. ಕೈ ಮೇಲೆ, ಭುಜದ ಮೇಲೆ ಆಡಿಸುವವರಿಗೆ ಸಪೂರ ಬಿಳಿ ಪೈಪು. ಗಡಸು, ಚುರುಕು, ಮುಟ್ಟಿದರೆ ಚಿಮ್ಮುತ್ತದೆ. ತುದಿಗಳನ್ನು ಬಿಸಿನೀರಿಗೆ ಅದ್ದಿ, ಮೆತ್ತಗಾದ ಮೇಲೆ ಒಳಗೆ ಜಾಯಿಂಟು ತುರುಕುತ್ತಾಳೆ. ಕೈ ಬೆವರುವವರಿಗೆ ಮೇಲೆ ಬಟ್ಟೆ ಟೇಪು ಸುತ್ತಿ ಕೊಡುತ್ತಾಳೆ.

"ಅಕ್ಕಾ, ನೋಡೋಕೆ ಚಂದ ಇರೋದು ಯಾವುದು?" ಎಂದು ಒಮ್ಮೆ ಒಬ್ಬ ಗುಮಾಸ್ತ ಕೇಳಿದ್ದ.

"ಚಂದ ಇರಬೇಕಾದ್ದು ನೀನಪ್ಪಾ, ಪೈಪಲ್ಲ. ಎಲ್ಲಿ, ಬಾಗಿಲ ತನಕ ನಡೆದು ತೋರಿಸು."

ಅವನು ನಡೆದ. "ಕರೀದು ತಗೋ. ನಿನ್ನ ನಡಿಗೆಗೆ ಬಿಳೀದು ಕೊಟ್ರೆ ಅದೇ ನಿನ್ನ ಬಿಟ್ಟು ಓಡಿಹೋಗುತ್ತೆ."

ಸುರುಳಿಯಲ್ಲಿ ಬಂದ ಪೈಪು ಎಷ್ಟು ಎಳೆದರೂ ಬಾಗು ಬಿಡುವುದಿಲ್ಲ ಎಂದು ಯಾರಾದರೂ ಗೊಣಗಿದರೆ ಅವಳ ಉತ್ತರ ಸಿದ್ಧ: "ನಾಯಿ ಬಾಲ, ಪೈಪು, ನಮ್ಮಣ್ಣನ ಬುದ್ಧಿ. ಮೂರೂ ನೆಟ್ಟಗಾಗಲ್ಲ."

ಅಂಗಡಿಯ ಹಿತ್ತಿಲಲ್ಲಿ ಒಂದು ಒಗೆಯುವ ಕಲ್ಲಿದೆ. ಅದರ ನೀರು ಹರಿದುಹೋಗಲು ಗೋಡೆಗೆ ಸಿಕ್ಕಿಸಿದ ಬಿಳಿ ಪೈಪಿನ ತುಂಡು ಇವತ್ತಿಗೂ ಸ್ವಲ್ಪ ಬಾಗಿಯೇ ಇದೆ. ಹನ್ನೊಂದನೇ ವಯಸ್ಸಿನಲ್ಲಿ, ಉಳಿಕೆ ಪೈಪಿನಿಂದ ಅವಳು ತಾನೇ ಮಾಡಿಕೊಂಡ ಹೂಪು ಅದು. ಒಂದು ಸಂಜೆ ಅಂಗಡಿ ಮುಂದೆ ಅರವತ್ತನಾಲ್ಕು ಸುತ್ತು ಎಣಿಸಿದ್ದಳು. ಅಪ್ಪ ಹೊರಗೆ ಬಂದ. "ಹೆಣ್ಣುಮಗಳು ಸೊಂಟ ಕುಣಿಸ್ತಾ ನಿಂತ್ರೆ ಜನ ಏನು ನೋಡ್ತಾರೆ, ಪೈಪಾ?" ಎಂದು ಗರಗಸ ತಂದ. ನಾಲ್ಕು ದಶಕ ಮನೆಮಂದಿಯ ಕೊಳೆನೀರು ಆ ತುಂಡಿನಲ್ಲಿ ಹರಿದಿದೆ, ಅದೇ ಕಲ್ಲಿನ ಮುಂದೆ ಅವಳೇ ಬಟ್ಟೆ ಒಗೆದಿದ್ದಾಳೆ. ಇದನ್ನು ಶಿಸ್ತು ಎಂದು ಕರೆಯುವವರ ನಾಲಗೆಗೆ ಏನು ಬಂದಿದೆಯೋ.

ಹೋದ ತಿಂಗಳು, ಊಟದ ಹೊತ್ತಿಗೆ ಷಟರ್ ಅರ್ಧ ಇಳಿಸಿ, ಅವಳು ತನಗೇ ಎಂದು ಒಂದು ಹೂಪು ಮಾಡಿಕೊಂಡಳು. ಸಪೂರ ಬಿಳಿ ಪೈಪಿನದು. ಹಿತ್ತಿಲಲ್ಲಿ ನಿಂತು ತಿರುಗಿಸಿದಳು. ಬಿತ್ತು. ಮರುದಿನವೂ ಬಿತ್ತು. ವಾರವಿಡೀ ಬಿತ್ತು.

ಪಕ್ಕದ ಅಂಗಡಿಯ ಟೈಲರಮ್ಮ ನೀರಿಗೆ ಬಂದವಳು ನೋಡಿದಳು.

"ಏನೇ ಅದು, ಬುಟ್ಟಿ ಅಂಚಾ?"

"ಹೂಪು ಕಣೆ. ನನಗೇ ಮಾಡ್ಕೊಂಡೆ. ನಿಲ್ತಾನೇ ಇಲ್ಲ. ವಯಸ್ಸಾಯ್ತು."

ಟೈಲರಮ್ಮ ಕೊರಳಿನ ಟೇಪು ಇಳಿಸಿ ಹೂಪಿನ ಅಗಲ ಹಿಡಿದಳು. "ಇದು ಫ್ರಾಕು ಹಾಕೋ ಹುಡುಗಿ ಅಳತೆ. ಯಾರನ್ನ ನಿಲ್ಲಿಸಿ ದಾರ ಹಿಡಿದೆ?"

ಪೈಪಕ್ಕ ಕೈಯಲ್ಲಿದ್ದ ಹೂಪನ್ನೇ ನೋಡಿದಳು. "ಯಾರನ್ನೂ ಇಲ್ಲ. ಕೈಗೆ ನೆನಪಿತ್ತು, ಕೊಯ್ದೆ."

"ಊರಿಗೆಲ್ಲ ಅಳತೆ ಹಿಡಿಯೋಳು, ನಿನಗೆ ಹಿಡ್ಕೊಳ್ಳಲಿಲ್ವಾ?"

"ನನಗೆ ಯಾರು ಹಿಡೀತಾರೆ?"

"ನಾನೇನು ಸತ್ತಿದೀನಾ? ನಿಲ್ಲು ನೆಟ್ಟಗೆ. ಹೊಟ್ಟೆ ಒಳಗೆ ಎಳ್ಕೋಬೇಡ, ಬ್ಲೌಸ್ ಹೊಲಿಸೋರ ಥರ."

ಅವತ್ತೇ ಕರಿ ಪೈಪು ಕೊಯ್ದರು. ಬಿಸಿನೀರು ಕಾಯಿಸಿದ್ದು ಟೈಲರಮ್ಮ. ಪೈಪಕ್ಕ ಹೂಪನ್ನು ಬೆನ್ನಿಗೆ ಒತ್ತಿ, ಒಂದು ಕಾಲು ಮುಂದಿಟ್ಟು, ತಳ್ಳಿದಳು. ಹೂಪು ನಿಂತಿತು. ಭಾರವಾಗಿ, ನಿಧಾನವಾಗಿ, ಪ್ರತಿ ಸುತ್ತೂ ಹೊಟ್ಟೆಯನ್ನು ತಟ್ಟಿ ಹೇಳಿ ಹೋಗುವಂತೆ ಸುತ್ತಿತು. ಟೈಲರಮ್ಮ ಗಟ್ಟಿಯಾಗಿ ಎಣಿಸಿದಳು. ಐದು. ಆರು. ಏಳು.

"ಅಜ್ಜಿ ಗ್ರೈಂಡರ್ ಆನ್ ಆಯ್ತು ನೋಡ್ರೋ!"

ಹಿತ್ತಿಲ ಗೋಡೆಯಾಚೆಯ ಕಟ್ಟಡದ ಮೆಟ್ಟಿಲಲ್ಲಿ ನಾಲ್ಕೈದು ಜನ ಚಹಾ ಹಿಡಿದು ನಿಂತಿದ್ದರು. ಕೊರಳಲ್ಲಿ ಆಫೀಸಿನ ಗುರುತುಚೀಟಿ, ಕಂಕುಳಲ್ಲಿ ಪತ್ರಿಕೆ. ಒಬ್ಬ ಆಗಲೇ ಫೋನು ಎತ್ತಿ ಹಿಡಿದಿದ್ದ. ಗದ್ದಲಕ್ಕೆ ಅಣ್ಣ ಹಿತ್ತಿಲಿಗೆ ಬಂದ. "ಈ ವಯಸ್ಸಲ್ಲಿ ಇದೇನೇ? ಜನ ಏನು ನೋಡ್ತಿದ್ದಾರೆ ಅಂತಾದ್ರೂ ಗೊತ್ತಾ?" ಗರಗಸ ತರಲಿಲ್ಲ, ಅಷ್ಟೇ ವ್ಯತ್ಯಾಸ.

"ಗ್ರೈಂಡರ್ ಅಂತೆ!" ಎಂದು ಟೈಲರಮ್ಮ ಮೆಟ್ಟಿಲ ಕಡೆ ತಿರುಗಿ ಕೂಗಿದಳು. "ನಿಮ್ಮನೇಲಿ ರುಬ್ಬೋರು ಯಾರ್ರೋ, ನೀವಾ?" ಅವರು ಇನ್ನೂ ಜೋರಾಗಿ ನಕ್ಕರು. ಪೈಪಕ್ಕ ಅಷ್ಟರಲ್ಲಿ ಹೂಪಿನಿಂದ ಹೊರಗೆ ಕಾಲಿಟ್ಟಿದ್ದಳು.

ಈಗ ಆ ಕರಿ ಹೂಪು ಅಂಗಡಿಯ ಮೊಳೆಗೆ ನೇತಾಡುತ್ತಿದೆ. ಧೂಳು ಕೂರಲು ಬಿಡದೆ ದಿನಾ ಬೆಳಿಗ್ಗೆ ಒರೆಸುತ್ತಾಳೆ. ಒರೆಸುವಾಗ ಬಟ್ಟೆ ಹಿಡಿದ ಕೈ ಒಂದು ಪೂರ್ತಿ ಸುತ್ತು ಬರುತ್ತದೆ, ನಿಲ್ಲುತ್ತದೆ. ಕೊಳ್ಳಲು ಬಂದವರು ಕೈ ಹಾಕಿದರೆ ತಡೆಯುತ್ತಾಳೆ.

"ಅದು ಮುಟ್ಟಬೇಡಿ. ಒಬ್ಬರದ್ದು."

"ಯಾರದ್ದಕ್ಕಾ?"

"ಬರ್ತೀನಿ ಅಂದಿದಾರೆ."

ಆ ಮೆಟ್ಟಿಲು ನಿಮ್ಮ ಆಫೀಸಿನದ್ದೂ ಆಗಿರಬಹುದು. ನಾಳೆ ಮಧ್ಯಾಹ್ನ ಅಲ್ಲಿ ನಿಂತಾಗ ಫೋನು ಜೇಬಿಗೆ ಹಾಕಿ. ಪಕ್ಕದವನು ಬಾಯಿ ತೆರೆದರೆ ಮುಚ್ಚಿಸಿ. ಹಿತ್ತಿಲಿಗೆ ಬೆನ್ನು ತಿರುಗಿಸಿ ನಿಂತು, ಅವಳಿಗೆ ಎಂಟನೇ ಸುತ್ತು ಸುತ್ತಲು ಬಿಡಿ.