ಅಳತೆಯಿಲ್ಲದ ದಿನಗಳ ಗೆರೆ

ಸುರಂಗದ ಕೆಲಸದಲ್ಲಿ ಎಲ್ಲರೂ ಆಕೆಯನ್ನು ಟೇಪಕ್ಕ ಎಂದೇ ಕರೆಯುತ್ತಿದ್ದರು. ಪ್ರತಿ ಸಂಜೆ ಟೇಪು ಹಿಡಿದು ಒಳಗೆ ಹೋಗಿ, ಅಂದು ಕೊರೆದ ಉದ್ದವನ್ನು ಅಳೆದು, ಹಿಂದಿನ ಮೊತ್ತಕ್ಕೆ ಕೂಡಿಸಿ, ದಿನದಿನದ ಒಟ್ಟು ಉದ್ದ ತೋರಿಸುವ ಕಚೇರಿ ಗೋಡೆಯ ನಕ್ಷೆಯಲ್ಲಿ ಗೆರೆಯನ್ನು ಮೇಲಕ್ಕೆ ಮುಂದುವರಿಸುವುದು ಆಕೆಯ ಕೆಲಸ. “ಒಂದಿಂಚು ಜಾಸ್ತಿ ಬರಿಯಕ್ಕ, ನಿನ್ನ ಗಂಟೇನು ಹೋಗುತ್ತೆ?” ಎಂದು ಕೆಲಸಗಾರರು ಚೇಷ್ಟೆ ಮಾಡುತ್ತಿದ್ದರು.

ಒಂದು ಮಧ್ಯಾಹ್ನ ಸುರಂಗದ ಚಾವಣಿ ಕುಸಿದು ಕೆಲವರು ಒಳಗೆ ಸಿಕ್ಕಿಕೊಂಡರು. ಅವರಲ್ಲಿ ಆಕೆಯ ತಮ್ಮನೂ ಒಬ್ಬ. ಹೊರಗಿದ್ದವರು ಊಟ ನಿದ್ದೆ ಬಿಟ್ಟು ಪಕ್ಕದಿಂದ ಹೊಸ ದಾರಿ ಕೊರೆದರು. ಟೇಪಕ್ಕನೂ ಟೇಪು ಬಿಸುಟು ಮಣ್ಣು ಹೊತ್ತಳು. ಉಳಿದವರು ಜೀವಂತವಾಗಿ ಬಂದರು. ತಮ್ಮ ಬರಲಿಲ್ಲ.

ಮತ್ತೆ ಕೆಲಸಕ್ಕೆ ಬಂದ ದಿನ ಆಕೆ ಹೊಸ ದಾರಿಯನ್ನೂ ಸೇರಿಸಿ ಒಟ್ಟು ಉದ್ದ ಅಳೆದಳು. ನಡುವಿನ ದಿನಗಳ ಅಂಕಿ ಮಾತ್ರ ಯಾರ ಬಳಿಯೂ ಇರಲಿಲ್ಲ.

“ಅಷ್ಟು ದಿನಕ್ಕೂ ಗೆರೆ ಮಟ್ಟಸವಾಗಿ ಎಳೆದುಬಿಡಮ್ಮ, ಕೆಲಸ ನಿಂತಿತ್ತಲ್ಲ,” ಎಂದರು ಎಂಜಿನಿಯರು ಮೆಲ್ಲಗೆ.

“ಕೆಲಸ ನಿಂತಿರಲಿಲ್ಲ ಸಾರ್. ಅಳೆಯೋರು ಇರಲಿಲ್ಲ, ಅಷ್ಟೇ.”

“ಆದ್ರೆ ಯಾವ ದಿನ ಎಷ್ಟು ಕೊರೆದ್ರು ಅಂತ ನಮಗೆ ಗೊತ್ತಿಲ್ವಲ್ಲ?”

“ಗೊತ್ತಿಲ್ಲ ಅಂತಾನೇ ತೋರಿಸೋಣ.”

ಎಂಜಿನಿಯರು ನಕ್ಷೆಯ ಮೇಲೆ ಸ್ಕೇಲು ಹಿಡಿದು ನಿಂತರು. ಕೊನೆಯ ಅಳತೆಯ ಚುಕ್ಕೆಯಿಂದ ಹೊಸ ಅಳತೆಯ ಚುಕ್ಕೆಯವರೆಗೆ ಆಕೆ ಬಿಡಿಬಿಡಿಯಾದ ಗೆರೆ ಎಳೆದು, ಕೆಳಗೆ ‘ಈ ದಿನಗಳಲ್ಲಿ ಅಳತೆ ಆಗಿಲ್ಲ’ ಎಂದು ಬರೆದಳು. ಆಮೇಲೆ ಅಲ್ಲೇ ನೆಲದ ಮೇಲೆ ಕುಳಿತು, ತಮ್ಮ ಹೋದ ಮೇಲೆ ಮೊದಲ ಸಲ ಗಟ್ಟಿಯಾಗಿ ಅತ್ತಳು.