ನಾನು ಹಾಸದ ಕೆಂಪು ಫರಸಿ

ನಾನು ಅಂಡಮಾನಿಗೆ ಹೋಗಿಯೇ ಇಲ್ಲ, ಮಂಜುಳಾ. ಹಡಗು ಹತ್ತಲಿಲ್ಲ. ಪೋರ್ಟ್‌ಬ್ಲೇರಿನ ಆ ಮನೆಯ ಪಡಸಾಲೆಗೆ ಇಳಕಲ್ಲಿನ ಕೆಂಪು ಕಲ್ಲು ಹಾಸಿದವನು ನಾನಲ್ಲ. ಇಷ್ಟು ಹೇಳಿ ನಿಲ್ಲಿಸಿದರೆ ನೀನು ನಕ್ಕು ಕ್ಷಮಿಸಬಹುದು. ಆದರೆ ಇದು ನನ್ನ ತಪ್ಪಿನ ಸಣ್ಣ ತುದಿ ಮಾತ್ರ. ನಿನ್ನ ಅವ್ವನನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದ್ದರು. ಬೇಡ ಅಂದಿದ್ದಾರೆ ಎಂದು ನಾನು ಅವಳಿಗೆ ಹೇಳಿದೆ.

ಹೋದ ವಾರ ಬಾದಾಮಿಯಿಂದ ನೀನು ಫೋನು ಮಾಡಿದೆ. "ಅಪ್ಪಾ, ದೀಪಾವಳಿ ಸೂಟಿಗೆ ಟಿಕೆಟ್ ತಗಸೇವಿ. ನೀನೂ ಬರಬೇಕು. ನೀ ಇಲ್ಲಂದ್ರ ಆ ಮನಿ ನಮಗ ಯಾರ ತೋರಸ್ತಾರ?" ಹಿಂದಿನಿಂದ ಅಳಿಯಂದಿರ ದನಿ ಬಂತು: "ಮಾವಾರ, ಆ ಕೊಬ್ಬರಿ ಹಾಲಿನ ಸಾರು ಅಲ್ಲಿ ಅಸಲಿ ಸಿಗತೈತಲ್ರಿ? ನಿಮ್ಮ ಮಗಳು ಮಾಡೂದು ನಕಲಿ ಅನಸತೈತಿ!" ನೀವಿಬ್ಬರೂ ನಕ್ಕಿರಿ. ನಾನೂ ನಕ್ಕೆ. "ಸಿಗತೈತಿ, ಸಿಗತೈತಿ" ಎಂದೆ. ಇಷ್ಟು ವರ್ಷಗಳಾದ ಮೇಲೆ, ನಿನ್ನ ಅವ್ವ ಇಲ್ಲವಾದ ಮೇಲೆ, ಮತ್ತೂ ಅದೇ ಸುಳ್ಳು — ತಡವರಿಸದೆ, ಉಸಿರಾಡಿದಷ್ಟು ಸಲೀಸಾಗಿ.

ಅದಕ್ಕೇ ಈಗ ಹೇಳುತ್ತಿದ್ದೇನೆ. ಕ್ರಮವಾಗಿ ಹೇಳಲು ಬರುವುದಿಲ್ಲ. ಕ್ರಮವಾಗಿ ಬಂದರೆ ನಂಬಬೇಡ — ನಾನು ಕಥೆ ಕಟ್ಟುವುದರಲ್ಲಿ ಪಳಗಿದವನು.

ತೊಂಬತ್ತೆಂಟೋ ತೊಂಬತ್ತೊಂಬತ್ತೋ. ನಾನು ಕಲ್ಲಿನ ಕಾರ್ಖಾನೆಯಲ್ಲಿ ಫರಸಿ ಹಾಸುವ ಕೆಲಸಕ್ಕಿದ್ದೆ. ಪೋರ್ಟ್‌ಬ್ಲೇರಿನಲ್ಲಿ ಯಾರೋ ಮನೆ ಕಟ್ಟಿಸಿ ನಮ್ಮ ಊರಿನ ಕೆಂಪು ಕಲ್ಲೇ ಬೇಕೆಂದರು. ಹಾಸಲು ಇಬ್ಬರನ್ನು ಕಳಿಸಿದರು: ನನ್ನನ್ನು, ಶಿರೂರಿನ ರಾಜೇಸಾಬನನ್ನು. ಚೆನ್ನೈವರೆಗೆ ರೈಲು, ಮುಂದೆ ಹಡಗು. ನಿನ್ನ ಅವ್ವ ಗೌರವ್ವ ಬಸ್‌ಸ್ಟ್ಯಾಂಡಿಗೆ ಬಂದು ಓಣಿಯ ಹೆಂಗಸರಿಗೆಲ್ಲ ಕೇಳುವ ಹಾಗೆ, "ಹಡಗದಾಗ ಕಿಡಕಿ ಕಡೆ ಕುಂದರ್ರಿ, ಎಲ್ಲಾ ನೋಡ್ಕೊಂಡ ಬರ್ರಿ" ಎಂದಿದ್ದಳು.

ಬಂದರಿನಲ್ಲಿ ಹಡಗಿಗೂ ದಡಕ್ಕೂ ನಡುವೆ ಒಂದು ಸೀಳಿನಷ್ಟು ನೀರು ಕಂಡಿತು. ಕಪ್ಪಗೆ, ಎಣ್ಣೆ ತೇಲುತ್ತ, ಏರುತ್ತ ಇಳಿಯುತ್ತ. ಅಷ್ಟೇ. ನನ್ನ ಕಾಲು ಏಣಿಯ ಬುಡದಲ್ಲಿ ನಿಂತುಬಿಟ್ಟಿತು. ರಾಜೇಸಾಬ ಮೇಲಿನಿಂದ ಕೈ ಚಾಚಿದ: "ಲೇ ಸಂಗ್ಯಾ, ಹತ್ತಲೇ! ಹಿಂದ ಮಂದಿ ಬಯ್ಯಾಕತ್ತಾರ." ನಾನು ಪಕ್ಕಕ್ಕೆ ಸರಿದು ಹಿಂದಿನವರಿಗೆ ದಾರಿ ಬಿಟ್ಟೆ. "ನೀ ನಡಿ, ನಾ ಮುಂದಿನ ಹಡಗಕ್ಕ ಬರ್ತೇನಿ" ಎಂದೆ. ಮುಂದಿನ ಹಡಗು ಬಂತು, ಹೋಯಿತು. ಬಂದರಿನ ಕಡೆ ನಾನು ಮತ್ತೆ ಹೋಗಲೇ ಇಲ್ಲ. ರಾಜೇಸಾಬ ಮರಳುವವರೆಗೆ ಚೆನ್ನೈಯಲ್ಲೇ ಒಂದು ಕಟ್ಟಡದ ಕೆಲಸ ಹಿಡಿದು ಖಾನಾವಳಿಯಲ್ಲಿ ಉಂಡುಕೊಂಡಿದ್ದೆ.

ಮರಳುವ ರೈಲಿನಲ್ಲಿ ಅವನನ್ನು ಒಂದೊಂದಾಗಿ ಕೇಳಿದೆ. ಮನೆ ಎಲ್ಲಿತ್ತು, ಸಮುದ್ರ ಎಷ್ಟು ಹತ್ತಿರ, ಏನು ತಿಂದೆ. ಅವನು ನಕ್ಕ: "ಯಾಕಲೇ, ಪರೀಕ್ಷಾ ಬರಿಯಾವರಂಗ ಕೇಳಾಕತ್ತಿ?" ಆ ಮನೆಯ ಅಮ್ಮ, ಫರಸಿ ಹಾಸಿ ಮುಗಿದ ದಿನ, ಅದೇ ಹೊಸ ಕಲ್ಲಿನ ಮೇಲೆ ಎಲೆ ಹಾಕಿ ಅವನಿಗೆ ಬಡಿಸಿದಳಂತೆ. "ನಿನ್ನ ಕೈಯಾಗ ಎದ್ದ ನೆಲ, ನೀನೇ ಮೊದಲ ಉಣ್ಣಬೇಕು" ಎಂದಳಂತೆ, ಹಿಂದಿಯಲ್ಲಿ. ಆ ಮಾತು ಹೇಳುವಾಗ ರಾಜೇಸಾಬನ ಕಣ್ಣು ತುಂಬಿತ್ತು. ನಾನು ಅದನ್ನು ಕದ್ದೆ. ಕಾರ್ಖಾನೆಯವರಿಗೆ ಅವನು "ಇಬ್ಬರೂ ಕೂಡಿ ಮಾಡಿದ್ವಿ" ಎಂದೇ ಹೇಳಿದ. ಅದಾದ ಮೇಲೆ ಆ ಮಾತನ್ನು ಎಂದೂ ಎತ್ತಲಿಲ್ಲ.

ಊರಿಗೆ ಬಂದಾಗ ನಿಜ ಹೇಳಬೇಕೆಂದೇ ಇದ್ದೆ — ಇಲ್ಲ. ಈ ವಾಕ್ಯ ಬೇಡ. ಹೇಳಬೇಕೆಂದು ಇದ್ದೆನೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ನಿನ್ನ ಅವ್ವ ಮಗ್ಗದ ಕುಣಿಯಲ್ಲಿ ಕೂತಿದ್ದಳು, ಲಾಳಿ ನಿಲ್ಲಿಸಿ ತಲೆ ಎತ್ತಿ ಮೊದಲು ಕೇಳಿದ್ದು ಒಂದೇ. "ಸಮುದ್ರ ಯಾವ ಬಣ್ಣರಿ?"

ನೇಕಾರರ ಮನೆಯ ಹೆಣ್ಣು ಕೇಳುವ ಪ್ರಶ್ನೆ ಅದು. ಆಳ ಎಷ್ಟು, ಅಲೆ ಎಷ್ಟು ಎತ್ತರ ಎಂದು ಅವಳು ಕೇಳಲಿಲ್ಲ. ಬಣ್ಣ ಕೇಳಿದಳು. ನಾನು ಅಂದೆ: "ನವಿಲಿನ ಕುತ್ತಿಗಿ ಐತಲ್ಲ, ಹಂಗ."

ಅಲ್ಲಿಂದ ಶುರುವಾಯಿತು.

ಅಮಾವಾಸ್ಯೆಗಳು ನಿನಗೆ ನೆನಪಿರಬೇಕು. ಆ ದಿನ ನಮ್ಮ ಮನೆಯಲ್ಲಿ ಮಗ್ಗ ಹೂಡುವುದಿಲ್ಲ; ಖಟಪಟ ಸದ್ದಿಲ್ಲದ ಮನೆ, ಮೂವರೂ ಕೂತು ಉಣ್ಣುವ ದಿನ. ನೀನು ಶಾಲೆಯ ಭೂಪಟದ ಪುಸ್ತಕ ತೆರೆದು ಸಮುದ್ರದ ಮೇಲೆ ಬೆರಳು ಎಳೆಯುತ್ತಿದ್ದೆ. ಈ ಸಲ ಹ್ಯಾವ್‌ಲಾಕ್, ಮುಂದಿನ ಅಮಾವಾಸ್ಯೆಗೆ ಲಿಟಲ್ ಅಂಡಮಾನ್. ಎಲ್ಲಿ ಇಳಿಯುವುದು, ಎಲ್ಲಿ ಏನು ತಿನ್ನುವುದು. ನಿನ್ನ ಅವ್ವನಿಗೆ ಒಂದೇ ಚಿಂತೆ: "ಮೀನು ಮುಟ್ಟದ ಮಂದಿ ನಾವು. ಅಲ್ಲಿ ನಾವೇನ ಉಣ್ಣೂನ್ರಿ?" ರಾಜೇಸಾಬ ಉಂಡ ಊಟದಿಂದ ನಾನು ಮೀನು ತೆಗೆದೆ. ಬಾಳೆಕಾಯಿ ಹಾಕಿದೆ. ಕೊಬ್ಬರಿ ಹಾಲು, ಹುಳಿಗೆ ಮಾವಿನಕಾಯಿ — ಇದನ್ನು ಚೆನ್ನೈಯ ಖಾನಾವಳಿಯಲ್ಲಿ ಉಂಡಿದ್ದೆನೋ, ಬಾಯಿಗೆ ಬಂದದ್ದನ್ನು ಅಂದೆನೋ. ಮುಂದಿನ ಅಮಾವಾಸ್ಯೆಗೆ ಅವಳು ಒಣಕೊಬ್ಬರಿ ಅರೆದು ಹಾಲು ತೆಗೆದು ಅದನ್ನು ಮಾಡಿಯೇಬಿಟ್ಟಳು. ಬಿಳಿಜೋಳದ ರೊಟ್ಟಿ ಮುರಿದು ಅದರಲ್ಲಿ ಅದ್ದಿ, ನನ್ನ ಮುಖ ನೋಡಿದಳು.

"ಅದ ರುಚಿ ಬಂದೈತೇನ್ರಿ?"

"ಅದ."

"ಸುಳ್ಳ ಹೇಳಬ್ಯಾಡ್ರಿ. ಒಣಕೊಬ್ಬರಿಗೆ ಆ ರುಚಿ ಎಲ್ಲಿಂದ ಬರಬೇಕು? ಅಲ್ಲೇ ಹೋಗಿ ಉಣ್ಣೂನು."

ಸುಳ್ಳು ಎಂಬ ಮಾತನ್ನು ಅವಳು ಎಷ್ಟು ಹಗುರವಾಗಿ ಆಡಿದಳು — ನಾನು ಇನ್ನೊಂದು ರೊಟ್ಟಿ ಕೇಳಿದೆ.

ಹೋಗಲು ನನಗೇನು ಅಡ್ಡಿ ಎಂದು ನೀನು ಕೇಳಬಹುದು. ಹಡಗಿನ ಭಯವೇ? ಅದೂ ಇತ್ತು. ಆದರೆ ಅವಳಿಗೆ ಬೇಕಾದದ್ದು ಸಮುದ್ರಕ್ಕಿಂತ ಆ ಪಡಸಾಲೆ. "ನಮ್ಮೂರ ಕಲ್ಲು, ನಿಮ್ಮ ಕೈಯಾಗ ಹಾಸಿದ್ದು, ಸಮುದ್ರದ ನಡುವ. ಅದರ ಮ್ಯಾಲೆ ಒಮ್ಮೆ ಬರಿಗಾಲಿಲೆ ನಿಂದ್ರಬೇಕು ನೋಡ್ರಿ." ಆ ಬಾಗಿಲಿಗೆ ನಾನು ಅವಳನ್ನು ಹೇಗೆ ಕರೆದೊಯ್ಯಲಿ? ಆ ಅಮ್ಮ ಬಾಗಿಲು ತೆರೆದು ನನ್ನ ಮುಖ ನೋಡಿ ಯಾರು ನೀನು ಎಂದು ಕೇಳಿದರೆ? ಅದಕ್ಕೆ ಪ್ರತಿ ವರ್ಷ ಒಂದು ನೆಪ. ಕೆಲಸ, ಮಳೆಗಾಲ, ನಿನ್ನ ಪರೀಕ್ಷೆ.

ಮುಂದೆ ಒಂದು ಡಿಸೆಂಬರಿನಲ್ಲಿ ಸಮುದ್ರವೇ ಉಕ್ಕಿ ಆ ದ್ವೀಪಗಳ ಮೇಲೆ ಬಂತು. ಟೀವಿಯ ಮುಂದೆ ಓಣಿಯ ಜನರೆಲ್ಲ ನಿಂತಿದ್ದರು. ನಿನ್ನ ಅವ್ವ ಸೆರಗು ಬಾಯಿಗಿಟ್ಟುಕೊಂಡು, "ನಿಮಗ ಉಣ್ಣಾಕ ಹಾಕಿದ ಆ ತಾಯಿ ಉಳದಾಳೋ ಇಲ್ಲೋ" ಎಂದು ಅಳುತ್ತಿದ್ದಳು. ನನ್ನೊಳಗೆ ಆಗ ಎದ್ದದ್ದನ್ನು ಬರೆಯಲು ಕೈ ಹಿಂಜರಿಯುತ್ತದೆ. ಸಮಾಧಾನ ಎದ್ದಿತು. ಅಷ್ಟು ಜನ ಕೊಚ್ಚಿಹೋದ ಸುದ್ದಿ ಕೇಳುತ್ತ ನಾನು, ಇನ್ನು ಹೋಗಬೇಕಾಗಿಲ್ಲ ಎಂದುಕೊಂಡೆ. "ಉಳದಿರಾಕಿಲ್ಲ ಬಿಡು" ಎಂದೆ. ನಾನು ಎಂದೂ ಕಾಣದ ಹೆಂಗಸನ್ನು ಹಾಗೆ ಕೊಂದೆ. ನಿನ್ನ ಅವ್ವ ಅವಳ ಹೆಸರಿನಲ್ಲಿ ದೀಪ ಹಚ್ಚಿದಳು. ಹೆಸರು ಗೊತ್ತಿರಲಿಲ್ಲ, "ಆ ತಾಯಿ" ಎಂದೇ ಹಚ್ಚಿದಳು. ದೀಪದ ಮುಂದೆ ಕೂತು ಅಂದಳು: "ಈಗರೆ ಹೋಗಬೇಕ್ರಿ. ಆ ಕಲ್ಲ ಉಳದಿರ್ತೈತಿ. ಅದಕ್ಕ ಒಮ್ಮೆ ಕೈ ಮುಗದ ಬರೂನು."

ಮರುವರ್ಷವೇ ಇರಬೇಕು, ಅವಳ ಹೊಟ್ಟೆಯ ಕಾಯಿಲೆ. ಬಾಗಲಕೋಟೆಯಲ್ಲಿ ಗುಮಾಸ್ತನಾಗಿದ್ದ ನಿನ್ನ ಸೋದರಮಾವ ಬಸವರಾಜ, ಅಕ್ಕನ ಆಸೆ ಎಂದು, ರೈಲು ಹಡಗು ಎರಡಕ್ಕೂ ಟಿಕೆಟ್ ಮಾಡಿಸಿದ. ನಾಲ್ಕು ಜನಕ್ಕೆ. ನೀನು ಕುಣಿದಾಡಿದೆ. ಅವಳು ಅಷ್ಟು ನಿಶ್ಶಕ್ತಿಯಲ್ಲೂ ಮಗ್ಗಕ್ಕೆ ಹೊಸ ಸೀರೆಯ ಉದ್ದೆಳೆಗಳ ಹಾಸು ಹೂಡಿಸಿದಳು — ತನಗಾಗಿ. ನಮ್ಮಲ್ಲಿ ಒಂದೊಂದು ಸೀರೆಗೂ ಹಾಸು ಬೇರೆ. ಒಡಲಿನ ಎಳೆಗಳನ್ನು ಸೆರಗಿನ ಕೆಂಪು ಎಳೆಗಳಿಗೆ ಕುಣಿಕೆ ಹಾಕಿ ಒಂದೊಂದಾಗಿ ಜೋಡಿಸಬೇಕು. ಊರಿನ ಹೆಂಗಸರಿಗೆಲ್ಲ ನೇಯ್ದವಳು ತನಗೆಂದು ಹೂಡಿದ್ದು ಅದೊಂದೇ. ಬಣ್ಣಗಾರನಿಗೆ ಹೇಳಿದ್ದಳು: "ನವಿಲಿನ ಕುತ್ತಿಗಿ. ನಮ್ಮನಿಯವರು ಕಣ್ಣಾರೆ ನೋಡಿ ಬಂದಾರ." ಸಮುದ್ರದ ಮುಂದೆ ನಿಂತು ಸರಿ ಇದೆಯೇ ಎಂದು ಹೋಲಿಸಿ ನೋಡಬೇಕಂತೆ.

ಹೊರಡುವ ಮೊದಲು ಬಾಗಲಕೋಟೆಯ ದವಾಖಾನೆಗೆ ಹೋದೆವು. ಅವಳು ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಒಳಗೆ ಡಾಕ್ಟರು ನನ್ನೊಬ್ಬನಿಗೆ ಹೇಳಿದರು: "ಯಜಮಾನ್ರ, ಇನ್ನ ಔಷಧದಿಂದ ಹೆಚ್ಚಿಗೇನೂ ಆಗಂಗಿಲ್ಲ. ಸ್ವಲ್ಪ ದಿನ ಅಡ್ಡಾಡೂ ಶಕ್ತಿ ಇರ್ತೈತಿ, ಊಟಾನೂ ಹೋಗತೈತಿ. ಏನರೆ ಆಸೆ ಇದ್ರ ಈಗ ಪೂರೈಸ್ರಿ." ನಾನು ಹಡಗಿನ ಮಾತು ಎತ್ತಿದೆ. ಬೇಡವೆನ್ನಲಿ ಎಂದು ಕಾದೆ. "ಯಾಕಾಗವಲ್ದು? ಗುಳಗಿ ಬರಕೊಡ್ತೇನಿ. ಕರಕೊಂಡ ಹೋಗ್ರಿ" ಎಂದರು. ಒಳ್ಳೆಯ ಮನುಷ್ಯ. ಎದ್ದು ನನ್ನ ಭುಜ ಮುಟ್ಟಿದರು.

ಹೊರಗೆ ಬಂದೆ. ಅವಳು ಚೀಲ ಎದೆಗವಚಿಕೊಂಡು ಎದ್ದು ನಿಂತಳು.

"ಏನಂದ್ರರಿ?"

"ದೂರದ ಪ್ರಯಾಣ ಬ್ಯಾಡಂದಾರ, ಗೌರಿ."

ಅಷ್ಟೇ. ಆ ಒಂದು ಮಾತು ಬಾಯಿಂದ ಹೊರಟು ಅವಳ ಕಿವಿ ಮುಟ್ಟುವುದರೊಳಗೆ ಹಿಂದಕ್ಕೆ ಎಳೆದುಕೊಳ್ಳಬಹುದಿತ್ತು. ಬಸ್ಸಿನಲ್ಲಿ ಎಳೆದುಕೊಳ್ಳಬಹುದಿತ್ತು. ಹುನಗುಂದದಲ್ಲಿ ಬಸ್ಸು ನಿಂತಾಗ, ಅವಳಿಗೆ ನೀರು ತಂದುಕೊಟ್ಟಾಗ... ಅದಾದ ಮೇಲೂ ತಿಂಗಳುಗಟ್ಟಲೆ ಸಮಯವಿತ್ತು.

ಆ ಬಸ್ಸಿನ ಬಗ್ಗೆ ನನ್ನಲ್ಲಿ ಒಂದು ಚಿತ್ರವಿದೆ. ಕಿಟಕಿಯಾಚೆ ಆಣೆಕಟ್ಟಿನ ಹಿನ್ನೀರು, ಮುಳುಗಿದ ಹೊಲಗಳ ನಡುವೆ ಒಂದು ದಿಬ್ಬ, ದಿಬ್ಬದ ಮೇಲೆ ಒಂಟಿ ಬೇವಿನ ಮರ. ಅವಳು ಅದನ್ನೇ ನೋಡುತ್ತ, "ಇದೂ ನಡುಗಡ್ಡಿನ ಅಲ್ರಿ? ನೋಡಿದಂಗಾತು ಬಿಡ್ರಿ" ಅನ್ನುತ್ತಾಳೆ. ಎಷ್ಟೋ ವರ್ಷ ಈ ಚಿತ್ರವನ್ನು ಇಟ್ಟುಕೊಂಡಿದ್ದೆ. ಈಚೆಗೆ ಅದೇ ದಾರಿಯಲ್ಲಿ ಕಿಟಕಿಗೆ ಕೂತು ಬಂದೆ. ಆ ದಿಬ್ಬ ಎಲ್ಲೂ ಕಾಣಲಿಲ್ಲ. ಅವಳ ಆ ಮಾತನ್ನೂ ನಾನೇ ಕಟ್ಟಿದೆನೇನೋ — ಅವಳಿಂದ ನನಗೆ ನಾನೇ ಕೊಡಿಸಿಕೊಂಡ ಮಾಫಿ. ಬಹುಶಃ ಅವಳು ಇಡೀ ದಾರಿ ಏನೂ ಮಾತಾಡಲಿಲ್ಲ.

ಪ್ರಯಾಣ ನಿಂತ ಸುದ್ದಿ ಕೇಳಿ ರಾಜೇಸಾಬ ಮನೆಗೆ ಬಂದಿದ್ದ. ನನ್ನನ್ನು ಹೊರಗೆ ಕರೆದು, "ಲೇ, ಇದ್ದದ್ದು ಹೇಳು. ಡಾಕ್ಟರ್ ಖರೇನ ಬ್ಯಾಡಂದ್ರೇನು?" ಎಂದ. ಒಳಗೆ ಕೇಳದಿರಲೆಂದು ನಾನು ಬಾಗಿಲು ಎಳೆದುಕೊಂಡೆ. ಅವನಿಗೆ ತಿಳಿಯಿತು. "ಕರಕೊಂಡ ನಡಿಯಲೇ. ನಾನೂ ಬರ್ತೇನಿ. ಆ ಅಮ್ಮಗ ನಾ ಮೊದಲ ಫೋನ್ ಹಚ್ಚಿ ಹೇಳ್ತೇನಿ, ಇವನೂ ಫರಸಿ ಹಾಸ್ಯಾನ ಅನ್ರಿ ಅಂತ. ನಿನ್ನ ಮಾನ ಎಲ್ಲೂ ಹೋಗಂಗಿಲ್ಲ."

ಆ ಅಮ್ಮ ಬದುಕಿದ್ದಳು, ಮಂಜುಳಾ. ಅವಳಿಗೆ ಫೋನಿತ್ತು. ಆ ದಾರಿಯೂ ತೆರೆದಿತ್ತು. ನಾನು ರಾಜೇಸಾಬನಿಗೆ, "ನಮ್ಮ ಮನಿ ಮಾತಿನ್ಯಾಗ ಬಾಯಿ ಹಾಕಬ್ಯಾಡ" ಎಂದೆ. ಅವನು ಚಪ್ಪಲಿ ಮೆಟ್ಟಿ ಹೋದ. ಮತ್ತೆ ನಮ್ಮ ಹೊಸ್ತಿಲು ತುಳಿದದ್ದು ಅವಳ ಮಣ್ಣಿಗೆ ಬಂದಾಗಲೇ.

ಸೀರೆಯ ಒಡಲು ಮುಗಿದಿತ್ತು, ಸೆರಗು ಉಳಿದಿತ್ತು. ಅವಳು ಅರ್ಧಕ್ಕೆ ಬಿಡಲಿಲ್ಲ. ದಿನಕ್ಕೆ ಒಂದಿಷ್ಟು ಎಂದು ಕುಣಿಯಲ್ಲಿಳಿದು ನೇಯ್ದು, ಮಡಿಚಿ, ಬೇರೆ ಸೀರೆಗಳ ಜೊತೆ ಸಾಹುಕಾರರ ಅಂಗಡಿಗೆ ಕಳಿಸಿಬಿಟ್ಟಳು. "ಇಟ್ಟಕೋ" ಎಂದೆ. "ಉಟಗೊಂಡು ಎಲ್ಲಿಗೆ ಹೋಗ್ಲಿ? ದವಾಖಾನಿಗೆ?" ಎಂದಳು. ಅದರಲ್ಲಿ ಸಿಟ್ಟಿತ್ತೋ, ಬರೀ ಪ್ರಶ್ನೆಯೋ, ಇಂದಿಗೂ ಹೇಳಲಾರೆ. ಈಗಲೂ ಇಳಕಲ್ ಬಸ್‌ಸ್ಟ್ಯಾಂಡಿನಲ್ಲಿ ನವಿಲು ಬಣ್ಣದ ಸೀರೆ ಕಂಡರೆ ನಾನು ಮುಖ ಆಚೆ ತಿರುಗಿಸುತ್ತೇನೆ.

ಕೊನೆಗೆ ಏನೂ ಉಣ್ಣದಾದಳು. ಒಂದು ಮಧ್ಯಾಹ್ನ ನೀನು ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಅವಳು ಕಣ್ಣು ಮುಚ್ಚಿಯೇ, "ಆ ಊಟದ್ದು ಇನ್ನೊಮ್ಮೆ ಹೇಳ್ರಿ" ಎಂದಳು. ನಾನು ಹೇಳಿದೆ. ಕೆಂಪು ಕಲ್ಲು, ಎಲೆ, ಕೊಬ್ಬರಿ ಹಾಲು, ಬಾಳೆಕಾಯಿ. ಅವಳು ತಡೆದಳು: "ಮಾವಿನಕಾಯಿ ಬಿಟ್ರಿ." ನೀನು ನಕ್ಕೆ. ನನ್ನ ಸುಳ್ಳು ನನಗಿಂತ ಅವಳಿಗೇ ಚೆನ್ನಾಗಿ ನೆನಪಿತ್ತು.

ಅವಳಿಗೆ ಎಲ್ಲ ಗೊತ್ತಿತ್ತು ಎಂದು ಬರೆದರೆ ನನಗೆ ಹಗುರಾಗುತ್ತದೆ. ಬರೆಯುವುದಿಲ್ಲ. ಅವಳು ನನ್ನನ್ನು ನಂಬಿಯೇ ಸತ್ತಳು ಎಂದೇ ಇಟ್ಟುಕೊಳ್ಳುತ್ತೇನೆ. ಅದೇ ನನಗೆ ತಕ್ಕದ್ದು.

ನೀವು ಹೋಗಿ ಬನ್ನಿ. ನಾನು ಬರುವುದಿಲ್ಲ — ಬರಲು ನನಗೆ ಹಕ್ಕಿಲ್ಲ. ನನ್ನ ಟಿಕೆಟಿನಲ್ಲಿ ರಾಜೇಸಾಬನನ್ನು ಕರೆದುಕೊಂಡು ಹೋಗಲು ಆಗುವುದಾದರೆ ನೋಡು. ನಾಳೆ ಶಿರೂರಿಗೆ ಹೋಗಿ ನಾನೇ ಅವನನ್ನು ಕೇಳುತ್ತೇನೆ. ಬಾಗಿಲು ಹಾಕಿಕೊಂಡರೂ ಹೊರಗೆ ನಿಂತೇ ಕೇಳುತ್ತೇನೆ. ಆ ಮನೆ ಅವನಿಗೆ ಗೊತ್ತು, ಆ ಅಮ್ಮ ಇನ್ನೂ ಇದ್ದರೆ ಅವನನ್ನು ಗುರುತು ಹಿಡಿಯುತ್ತಾಳೆ. ಅವಳು ಬಡಿಸುವ ಊಟದಲ್ಲಿ ಬಾಳೆಕಾಯಿ ಇರುವುದಿಲ್ಲ. ಮಾವಿನಕಾಯಿಯೂ ಇರಲಿಕ್ಕಿಲ್ಲ. ಅಳಿಯಂದಿರಿಗೆ ನೀನೇ ಹೇಳು, ನಕಲಿ ಮಾಡಿದ್ದು ಅವರ ಹೆಂಡತಿಯಲ್ಲ, ಮಾವ ಎಂದು.

ಇದನ್ನು ಓದಿದ ಮೇಲೆ ಫೋನು ಮಾಡಬೇಡ. ಮಾಡಿದರೆ ನಾನು ಮತ್ತೇನಾದರೂ ಹೇಳಿಬಿಟ್ಟೇನು.

ಆ ಪಡಸಾಲೆಯ ಮೇಲೆ ನಿನ್ನ ಅವ್ವನ ಬದಲು ನೀನು ಬರಿಗಾಲಲ್ಲಿ ನಿಲ್ಲು. ಆಮೇಲೆ ಹೊರಗೆ ಹೋಗಿ ನೋಡು. ಅವಳು ಮೊದಲು ಕೇಳಿದ್ದು ಸಮುದ್ರದ ಬಣ್ಣ. ನನಗೆ ಗೊತ್ತಿಲ್ಲ, ಮಂಜುಳಾ. ಆವತ್ತೂ ಗೊತ್ತಿರಲಿಲ್ಲ.