ಎರಡು ಸಿಳ್ಳೆ, ಮೂರು ಸಿಳ್ಳೆ

ಹೆಬ್ಬೆರಳಿನಷ್ಟು ಗಾತ್ರದ, ಮರದ ತುದಿಯಲ್ಲಿ ಹಾರಾಡುವ ಕೋಳಿಯನ್ನು ಕಂಡುಹಿಡಿದವನು ಪ್ರಪಂಚದಲ್ಲಿ ನಾನೊಬ್ಬನೇ ಇರಬೇಕು. ಮುಂಡಾಜೆಗೆ ಚಳಿಗಾಲದಲ್ಲಿ ಬರುವ ಹಸಿರು ಉಲಿಯಕ್ಕಿಗಳ ಗರಿಗಳನ್ನು ಡಿಎನ್‌ಎ ಪರೀಕ್ಷೆಗೆ ಕಳುಹಿಸಿದ್ದೆ. ಅಷ್ಟೂ ಕೋಳಿ ಎಂದು ವರದಿ ಬಂತು. ಮೂಡುಬಿದಿರೆಯ ನಮ್ಮ ಕಾಲೇಜಿನ ಮೇಡಂ ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

"ಗರಿ ಟ್ಯೂಬಿಗೆ ಹಾಕುವ ಮೊದಲು ನೀನು ಏನು ತಿಂದದ್ದು?"

"ಕೋರಿ ರೊಟ್ಟಿ, ಮೇಡಂ."

"ಗ್ಲೌಸ್?"

"ಸೆಕೆ ಆಗ್ತಿತ್ತು, ಮೇಡಂ."

ಬಿ.ಸಿ.ರೋಡಿನಿಂದ ಕಟ್ಟಿಸಿಕೊಂಡು ಹೋದ ಕೋಳಿ ಸಾರು. ತಿಂದ ಕೈಯನ್ನು ಪ್ಯಾಂಟಿಗೆ ಒರೆಸಿದ್ದೆ. ಒರೆಸಿದರೆ ತೊಳೆದಂತೆ ಎಂಬುದು ಹುಟ್ಟಿದಂದಿನಿಂದ ನನ್ನ ನಂಬಿಕೆ. ಮೇಡಂ ಬೈದದ್ದನ್ನು ಹೇಗೋ ಸಹಿಸಿಕೊಂಡೆ. ಡೀಕಯ್ಯಣ್ಣನಿಗೆ ಹೇಳುವುದು ಹೇಗೆ?

ಡೀಕಯ್ಯಣ್ಣ ಮುಂಡಾಜೆ ಕಡೆಯ ಲೈನ್‌ಮ್ಯಾನ್ ಆಗಿ ನಿವೃತ್ತರಾದವರು. ಆಮೇಲೂ ಕಂಬ ಹತ್ತಿದ ರೂಢಿಯಿಂದ ಅವರ ಎಡಗೈ ಏನನ್ನಾದರೂ ಅಪ್ಪಿಕೊಂಡೇ ಇರುತ್ತಿತ್ತು: ಜಗಲಿಯ ಕಂಬ, ಮಾವಿನ ಮರದ ಗೆಲ್ಲು, ಒಮ್ಮೆ ಮಾತಿನ ಭರದಲ್ಲಿ ನನ್ನ ಕುತ್ತಿಗೆ. ಯಾವ ಸ್ವಿಚ್ಚನ್ನೂ ಅವರು ನಂಬಿದವರಲ್ಲ. ಊರಿಗೇ ಕರೆಂಟು ಹೋಗಿದ್ದರೂ ಟೆಸ್ಟರ್ ಮುಟ್ಟಿಸದೆ ಮನೆಯ ಬಲ್ಬ್ ಬದಲಿಸುತ್ತಿರಲಿಲ್ಲ. "ಲೈನ್ ಆಫ್ ಉಂಟು ಅಂತ ಆಫೀಸಲ್ಲಿ ಕೂತವ ಹೇಳ್ತಾನೆ. ಕಂಬದಲ್ಲಿ ಇರುವುದು ನಾನಲ್ವಾ?"

ಹಾಗೆ ಲೈನ್ ಆಫ್ ಆಗಲೆಂದು ಕಂಬದಲ್ಲಿ ಕಾಯುತ್ತ, ಆಲಿಸುತ್ತ ಅವರು ಹಕ್ಕಿಗಳ ಕೂಗು ಕಲಿತದ್ದು. ಮುಂಡಾಜೆಗೆ ಬರುವ ಹಸಿರು ಉಲಿಯಕ್ಕಿ ಒಂದಲ್ಲ, ಎರಡು ಎಂಬುದು ಅವರ ವಾದ. ನೋಡಲು ಅವಳಿಗಳಂತೆ ಇರುತ್ತವೆ. ಆದರೆ ಒಂದರ ಕೂಗಿನಲ್ಲಿ ಎರಡು ತುಂಡು, ಇನ್ನೊಂದರಲ್ಲಿ ಮೂರು. ಕ್ಯಾಮೆರಾ ಹಿಡಿದು ಬಂದ ಕೆಲವರು ಇದನ್ನು ಕೇಳಿ, "ಅಜ್ಜ, ಅದೇ ಹಕ್ಕಿ ಖುಷಿಯಾದಾಗ ಒಂದು ಜಾಸ್ತಿ ಕೂಗ್ತದೆ" ಎಂದು ನಕ್ಕಿದ್ದರಂತೆ. ಶಾಕ್ ಹೊಡೆದದ್ದನ್ನು ಡೀಕಯ್ಯಣ್ಣ ಮರೆತಿದ್ದರು, ಆ ನಗುವನ್ನು ಮರೆತಿರಲಿಲ್ಲ.

ಗರಿಯ ಬುಡದ ಡಿಎನ್‌ಎ ಓದಿದರೆ ಹಕ್ಕಿಯ ವಂಶ ಗೊತ್ತಾಗುತ್ತದೆ ಎಂದು ನಾನು ಅವರಿಗೆ ಆಸೆ ಹುಟ್ಟಿಸಿದ್ದೆ. ಮೇಡಂ ಅನುಮತಿ ತಂದು ಬಲೆ ಹಾಕಿಸಿದರು. ಡೀಕಯ್ಯಣ್ಣ ಕೂಗು ಕೇಳಿ "ಎರಡು" ಅಥವಾ "ಮೂರು" ಎನ್ನುತ್ತಿದ್ದರು. ಆ ಹಕ್ಕಿ ಬಲೆಗೆ ಬಂದರೆ ಒಂದು ಗರಿ ತೆಗೆದು ಹಾರಿಬಿಟ್ಟು, ಲಕೋಟೆಯ ಮೇಲೆ ಆ ಅಂಕಿ ಬರೆಯುತ್ತಿದ್ದೆವು. ಅಂಕಿಯನ್ನು ಲ್ಯಾಬಿನವರಿಗೆ ತಿಳಿಸಬಾರದೆಂಬುದು ಡೀಕಯ್ಯಣ್ಣನದೇ ಷರತ್ತು. "ನಾನು ಹೇಳಿದೆ ಅಂತ ನಂಬುವುದು ಬೇಡ. ಟೆಸ್ಟ್ ಮಾಡ್ಲಿ."

ಕೋಳಿಯ ಸುದ್ದಿ ಕೇಳಿ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನನ್ನ ಹಕ್ಕಿಯನ್ನು ಸಾರು ಮಾಡಿದೆಯಲ್ಲ ಮಾರಾಯ!" ಆಮೇಲೆ ಜಗಲಿಯ ಕಂಬ ಬಿಟ್ಟು ಕೆಳಗೆ ಕುಳಿತರು. ಉಲಿಯಕ್ಕಿಗಳು ಆಗಲೇ ಉತ್ತರಕ್ಕೆ ಮರಳಿದ್ದವು.

"ಬರುವ ವರ್ಷ ಹಕ್ಕಿ ಬರ್ತದೆ. ನನ್ನ ಕಿವಿ ಇರ್ತದಾ ಗೊತ್ತಿಲ್ಲ. ಸಪೂರ ಸ್ವರ ಎಲ್ಲ ಈಗಲೇ ಹೋಗ್ತಾ ಉಂಟು."

ಆ ಮಳೆಗಾಲವಿಡೀ ಅವರು ನನಗೆ ಸಿಳ್ಳೆ ಹಾಕಿ ಹಾಕಿ ಎರಡನ್ನೂ ಮೂರನ್ನೂ ಕಲಿಸಿದರು. ನಾನು ಬಸ್ಸಿನಲ್ಲೂ ಅಭ್ಯಾಸ ಮಾಡುತ್ತಿದ್ದೆ. ವೇಣೂರಿನಲ್ಲಿ ಒಮ್ಮೆ ಕಂಡಕ್ಟರ್ ಕೆಳಗಿಳಿದು ಚಾ ಕುಡಿಯುತ್ತಿದ್ದಾಗ ನಾನು ಎರಡು ತುಂಡಿನ ಸಿಳ್ಳೆ ಹಾಕಿದೆ. ಎರಡು ಸಿಳ್ಳೆ ಎಂದರೆ ಹೊರಡು ಎಂದು ಡ್ರೈವರ್ ಹೊರಟೇಬಿಟ್ಟ. ಚಾ ಗ್ಲಾಸು ಹಿಡಿದೇ ಓಡಿ ಬಂದು ಬಸ್ಸು ಹತ್ತಿದ ಕಂಡಕ್ಟರನಿಗೆ ಉಲಿಯಕ್ಕಿಯ ವಿಷಯ ವಿವರಿಸಲು ಹೋದೆ. ಮುಂದಿನ ಸ್ಟಾಪಿನಲ್ಲೇ ನನ್ನನ್ನು ಇಳಿಸಿದ. ಡೀಕಯ್ಯಣ್ಣನಿಗೆ ಮಾತ್ರ ಭಾರೀ ಸಂತೋಷ. "ಎರಡು ಸರಿ ಬಂತಲ್ಲ! ಇನ್ನು ಮೂರು ಕಲಿ."

ಮರುವರ್ಷ ಹಕ್ಕಿ ಬಂತು. ಅವರು ಹೆದರಿದ್ದೂ ನಿಜವಾಯಿತು. ಮರದಡಿ ನಾನು ಗೆಲ್ಲುಗಳನ್ನು ನೋಡುತ್ತಿದ್ದರೆ ಅವರು ನನ್ನ ಮುಖ ನೋಡುತ್ತಿದ್ದರು.

"ಕೂಗ್ತಾ ಉಂಟಾ?"

"ಉಂಟು."

"ಎಷ್ಟು?"

ಎರಡೋ ಮೂರೋ ಬೆರಳು ತೋರಿಸುತ್ತಿದ್ದೆ. ಅವರು ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದರು. ಗರಿ ಮುಟ್ಟುವ ಮೊದಲು ನನ್ನ ಎರಡೂ ಕೈಗಳನ್ನು ಮೂಸಿ ನೋಡಿ, ಆಮೇಲೆಯೇ ಗ್ಲೌಸ್ ಹಾಕಲು ಬಿಡುತ್ತಿದ್ದರು.

ಈ ಸಲದ ವರದಿಯಲ್ಲಿ ಕೋಳಿ ಇರಲಿಲ್ಲ. ಎರಡು ಬೇರೆ ಬೇರೆ ವಂಶ; ಒಂದು ಲಕೋಟೆ ಬಿಟ್ಟು ಉಳಿದೆಲ್ಲ ಅಂಕಿಯೂ ತಾಳೆಯಾಗಿತ್ತು. ಅಂದೇ ಮುಂಡಾಜೆಗೆ ಓಡಿದೆ. ನಾನು ಡೀಕಯ್ಯಣ್ಣನನ್ನು ಕಂಡದ್ದು ಅದೇ ಕೊನೆ. ಅವರ ಕಿವಿಯ ಹತ್ತಿರ ಬಾಯಿಟ್ಟು ಕೂಗಿದೆ: "ಡೀಕಯ್ಯಣ್ಣ, ನೀವು ಹೇಳಿದ್ದು ಸರಿ! ಎರಡು ಹಕ್ಕಿ! ಒಂದು ಲಕೋಟೆ ಮಾತ್ರ ತಾಳೆ ಆಗಲಿಲ್ಲ!"

"ಆ ಒಂದು ಲಕೋಟೆ?"

"ಅದು ನಾನು ಕೇಳಿದ್ದು ತಪ್ಪಿರಬೇಕು."

"ಇರಬೇಕು ಅಲ್ಲ, ತಪ್ಪಿದ್ದೇ." ಮತ್ತೆ ಕಿವಿ ನನ್ನ ಕಡೆ ಚಾಚಿದರು. "ಮೊದಲು ಏನು ಹೇಳಿದ್ದು? ಕೇಳಲಿಲ್ಲ."

ಮತ್ತೆ ಕೂಗಿದೆ. "ಹಾಂ?" ಎಂದರು. ಮೂರನೆಯ ಸಲ ಕೂಗುವಾಗ ನನ್ನ ಗಂಟಲು ಒಡೆಯಿತು. ರಸ್ತೆಯಲ್ಲಿ ಹೋಗುವವರೂ ನಿಂತು ನೋಡಿದರು.

ಹೊರಟಾಗ ಅವರ ಹೆಂಡತಿ ಗಿರಿಜಕ್ಕ ಗೇಟಿನವರೆಗೆ ಬಂದರು. ನಾನು, "ಪಾಪ, ಪೂರ್ತಿ ಕೇಳುವುದಿಲ್ಲ ಅಲ್ವಾ?" ಎಂದೆ.

ಗಿರಿಜಕ್ಕ ಹೇಳಿದರು: "ಮೊದಲನೇ ಸಲವೇ ಕೇಳಿಸಿತ್ತು ಮಗಾ ಅವರಿಗೆ. ಆಮೇಲಿನದ್ದೆಲ್ಲ ಸುಮ್ಮನೆ ಹೇಳಿಸಿದ್ದು."